ತೋಟದಲ್ಲಿ ಹೂತಿಟ್ಟ ಟಿಪ್ಪಣಿಗಳು

1914ರಲ್ಲಿ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಗೆಂಟ್ ಪಟ್ಟಣದ ಹತ್ತಿರದ ವೊಂಡೆಲ್‌ಗೆಮ್ ಎಂಬಲ್ಲಿ ಒಂದು ಮನೆಗೆ ಸೈನಿಕರು ಬಂದು ಬೀಡುಬಿಟ್ಟರು. ಆ ಮನೆಯ ಯಜಮಾನ ಜಾರ್ಜ್ ಸಾರ್ಟನ್ ಅವರಿಗೆ ಆಗ ಮೂವತ್ತು ವರ್ಷ. ಹೆಂಡತಿಯನ್ನೂ ಎರಡು ವರ್ಷದ ಮಗಳನ್ನೂ ಕರೆದುಕೊಂಡು ದೇಶ ಬಿಡಬೇಕಾಗಿ ಬಂದಾಗ ಅವರು ತಮ್ಮ ಟಿಪ್ಪಣಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ ತೋಟದಲ್ಲಿ ಹೂತಿಟ್ಟು ಹೊರಟರು.

ಆ ಕಾಗದಗಳಲ್ಲಿ ಸೈನಿಕರಿಂದ ಬಚ್ಚಿಡಬೇಕಾದ ಗುಟ್ಟೇನೂ ಇರಲಿಲ್ಲ. ಗಣಿತ, ಖಗೋಳ, ರಸಾಯನ, ವೈದ್ಯ ಇವೆಲ್ಲ ಎಲ್ಲಿ ಹುಟ್ಟಿದವು, ಯಾರ ಕೈಯಿಂದ ಯಾರ ಕೈಗೆ ದಾಟಿದವು ಎಂಬ ವಿವರಗಳಿದ್ದವು, ಅಷ್ಟೆ. ಎರಡು ವರ್ಷ ಮೊದಲು, 1912ರಲ್ಲಿ, ಸಾರ್ಟನ್ ‘ಐಸಿಸ್’ ಎಂಬ ಪತ್ರಿಕೆ ಶುರುಮಾಡಿದ್ದರು. ವಿಜ್ಞಾನದ ಚರಿತ್ರೆಗೆಂದೇ ಮೀಸಲಾದ ಪತ್ರಿಕೆ ಅದು. ಯುದ್ಧದಿಂದ ಅದೂ ನಿಂತಿತು. ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ 1915ರಲ್ಲಿ ಅಮೆರಿಕಕ್ಕೆ ಹೋದ ಈ ಮನುಷ್ಯನ ಕೈಯಲ್ಲಿ ಕೆಲಸವಿರಲಿಲ್ಲ. ತಲೆಯಲ್ಲಿದ್ದದ್ದು ಯಾವ ವಿಶ್ವವಿದ್ಯಾಲಯವೂ ಕೇಳದಿದ್ದ ಒಂದು ವಿಷಯ.

ಈ ಕಥೆ ನನಗೆ ಗೊತ್ತಾದದ್ದು ಬಿ.ಎಸ್ಸಿ. ಮುಗಿಸಿ ಎಷ್ಟೋ ವರ್ಷಗಳ ಮೇಲೆ. ನಮ್ಮ ಪಠ್ಯಪುಸ್ತಕಗಳಲ್ಲಿ ಚರಿತ್ರೆ ಅಂದರೆ ಪುಟದ ಮೂಲೆಯ ಒಂದು ಚೌಕ. ಅದರಲ್ಲಿ ಗಡ್ಡದವನದೋ ವಿಗ್ಗಿನವನದೋ ಒಂದು ಚಿತ್ರ, ಹುಟ್ಟಿದ ಸತ್ತ ಇಸವಿಗಳು. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಿದ್ದರಿಂದ ಯಾರೂ ಓದುತ್ತಿರಲಿಲ್ಲ. ಭೌತಶಾಸ್ತ್ರದ ಮೇಷ್ಟ್ರು ಒಮ್ಮೆ ಅರಿಸ್ಟಾಟಲನ ವಿಷಯ ಎತ್ತಿ, ಭಾರದ ಕಲ್ಲು ಹಗುರ ಕಲ್ಲಿಗಿಂತ ಬೇಗ ಬೀಳುತ್ತದೆ ಅಂತ ನಂಬಿದ್ದನಂತೆ, ಎರಡು ಕಲ್ಲು ತಗೊಂಡು ಮಾಳಿಗೆ ಹತ್ತಿ ನೋಡೋಕೂ ಆಗಲಿಲ್ಲವೇನೋ ಮಹಾಶಯನಿಗೆ ಎಂದರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅದೇ ವರ್ಷ ಪಕ್ಕದ ಕೋಣೆಯಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡವರು ಪಂಪನಿಂದ ಹಿಡಿದು ಸಾಹಿತ್ಯ ಚರಿತ್ರೆಯನ್ನು ಒಂದು ಪತ್ರಿಕೆಯಾಗಿಯೇ ಓದುತ್ತಿದ್ದರು. ಸಾಹಿತ್ಯಕ್ಕೆ ಚರಿತ್ರೆ ಬೇಕು, ವಿಜ್ಞಾನಕ್ಕೆ ಬೇಡ. ಇದನ್ನು ಯಾಕೆ ಎಂದು ಕೇಳಬೇಕೆಂದು ಆಗ ಹೊಳೆಯಲೂ ಇಲ್ಲ.

ಇವತ್ತು ಹೊರದೇಶದ ಅನೇಕ ವಿಶ್ವವಿದ್ಯಾಲಯಗಳಲ್ಲಿ ‘ವಿಜ್ಞಾನ, ವೈದ್ಯ ಮತ್ತು ತಂತ್ರಜ್ಞಾನದ ಚರಿತ್ರೆ’ ಎಂಬ ಹೆಸರಿನಲ್ಲಿ ಪದವಿ ಪಡೆಯಬಹುದು. ಆ ಕೋರ್ಸು ಅಲ್ಲಿ ಸುಮ್ಮನೆ ಬಂದು ಕೂತದ್ದಲ್ಲ. ಎರಡು ಮಹಾಯುದ್ಧಗಳು, ಒಂದು ಬಾಂಬು, ಗುಂಡಿಗೆ ಬಲಿಯಾದ ಇಬ್ಬರು ವಿದ್ವಾಂಸರು, ಇವೆಲ್ಲ ಅದರ ಹಿಂದಿವೆ.

ಸಾರ್ಟನ್ ಅವರಿಗೆ ಹಾರ್ವರ್ಡ್ ಕೊಟ್ಟದ್ದು ಹೆಚ್ಚುಕಡಿಮೆ ಒಂದು ಕೋಣೆ. ವೈಡ್ನರ್ ಗ್ರಂಥಾಲಯದಲ್ಲಿ ಕೂರಲು ಜಾಗ. ಪ್ರತಿಯಾಗಿ ಒಂದಿಷ್ಟು ಪಾಠ. ಸಂಬಳ 1918ರಿಂದ ಬಂದದ್ದು ಕಾರ್ನೆಗಿ ಸಂಸ್ಥೆಯಿಂದ. ಪೂರ್ಣ ಪ್ರಾಧ್ಯಾಪಕರು ಎಂದು ಅವರನ್ನು ಕರೆದದ್ದು 1940ರಲ್ಲಿ, ಅಂದರೆ ಅಮೆರಿಕಕ್ಕೆ ಬಂದ ಕಾಲು ಶತಮಾನದ ಮೇಲೆ. ಈ ನಡುವೆ ತೋಟದ ಟಿಪ್ಪಣಿಗಳು ಯುದ್ಧ ಮುಗಿದ ಮೇಲೆ ಸುರಕ್ಷಿತವಾಗಿ ಕೈಗೆ ಬಂದವು, ‘ಐಸಿಸ್’ ಮತ್ತೆ ಹೊರಟಿತು, ಅದನ್ನು ಉಳಿಸಲೆಂದೇ 1924ರಲ್ಲಿ ಒಂದು ಸಂಘ ಹುಟ್ಟಿತು. ಅವರು ಕೈಗೆತ್ತಿಕೊಂಡ ದೊಡ್ಡ ಕೆಲಸ ‘ವಿಜ್ಞಾನದ ಚರಿತ್ರೆಗೆ ಪ್ರವೇಶಿಕೆ’ ಎಂಬ ಗ್ರಂಥ. ಆ ಹೆಸರನ್ನು ನೆನೆದರೆ ಈಗಲೂ ನಗು ಬರುತ್ತದೆ. ಸಾವಿರಾರು ಪುಟಗಳ ಮೂರು ಸಂಪುಟಗಳು 1927ರಿಂದ 1948ರ ತನಕ ಬಂದರೂ ಪ್ರವೇಶಿಕೆ 14ನೇ ಶತಮಾನ ದಾಟಲಿಲ್ಲ.

ಆದರೆ ಆ ಗ್ರಂಥದ ಒಂದು ಏರ್ಪಾಡು ಗಮನಿಸಬೇಕಾದದ್ದು. ಕಾಲವನ್ನು ಅವರು ಅರ್ಧರ್ಧ ಶತಮಾನಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಆ ಕಾಲದ ಮುಖ್ಯ ವಿದ್ವಾಂಸನ ಹೆಸರಿಟ್ಟರು. ಕ್ರಿ.ಶ. 750ರಿಂದ 1100ರ ತನಕದ ಏಳು ತುಂಡುಗಳ ಹೆಸರು ಹೀಗಿವೆ: ಜಾಬಿರ್ ಇಬ್ನ್ ಹಯ್ಯಾನ್, ಅಲ್ ಖ್ವಾರಿಜ್ಮಿ, ಅಲ್ ರಾಜಿ, ಅಲ್ ಮಸೂದಿ, ಅಬುಲ್ ವಫಾ, ಅಲ್ ಬಿರೂನಿ, ಒಮರ್ ಖಯ್ಯಾಮ್. ಮುನ್ನೂರೈವತ್ತು ವರ್ಷಗಳಲ್ಲಿ ಒಬ್ಬನೂ ಯುರೋಪಿನವನಲ್ಲ. ಗ್ರೀಸಿನಿಂದ ನೇರ ಗೆಲಿಲಿಯೋಗೆ ಹಾರುವ ಪಾಠಗಳನ್ನು ಓದಿ ಬೆಳೆದ ನಮಗೆ ಇದು ಈಗಲೂ ಒಂದು ಪೆಟ್ಟು. ಅದನ್ನು ಸರಿಯಾಗಿ ಬರೆಯಲೆಂದು ಸಾರ್ಟನ್ ಅರಬ್ಬೀ ಭಾಷೆ ಕಲಿತರು, 1931–32ರಲ್ಲಿ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಕಡೆ ಹೋಗಿ ಉಳಿದುಬಂದರು.

ಹಾಗಾಗಿ ವಿಜ್ಞಾನದ ಚರಿತ್ರೆಯಲ್ಲಿ ಹಾರ್ವರ್ಡ್ ಕೊಟ್ಟ ಮೊದಲ ಡಾಕ್ಟರೇಟು ಒಬ್ಬ ತುರ್ಕಿ ಹುಡುಗನಿಗೆ ಹೋಯಿತು ಎಂಬುದರಲ್ಲಿ ಒಂದು ಔಚಿತ್ಯವಿದೆ. ಆಯ್ದಿನ್ ಸಾಯಿಲಿ 1933ರಲ್ಲಿ ಅಂಕಾರಾದಲ್ಲಿ ಹೈಸ್ಕೂಲಿನ ಕೊನೆಯ ಪರೀಕ್ಷೆಗೆ ಕೂತಾಗ ಮೌಖಿಕ ಪ್ರಶ್ನೆ ಕೇಳಲು ಬಂದವರಲ್ಲಿ ಸ್ವತಃ ಅತಾತುರ್ಕ್ ಇದ್ದರಂತೆ. ಹುಡುಗನ ಉತ್ತರ ಮೆಚ್ಚಿ ಇವನನ್ನು ಹೊರದೇಶಕ್ಕೆ ಕಳಿಸಿ ಎಂದರಂತೆ. ಸಾಯಿಲಿ ಸಾರ್ಟನ್ ಬಳಿ ಓದಿ 1942ರಲ್ಲಿ ಪದವಿ ಪಡೆದು ಊರಿಗೆ ಮರಳಿ ಅಂಕಾರಾ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಕಟ್ಟಿದರು. ಇಸ್ಲಾಮಿ ಜಗತ್ತಿನ ವೀಕ್ಷಣಾಲಯಗಳ ಬಗ್ಗೆ ಅವರು 1960ರಲ್ಲಿ ತಂದ ಪುಸ್ತಕವನ್ನು ಈಗಲೂ ವಿದ್ವಾಂಸರು ತೆಗೆದು ನೋಡುತ್ತಾರೆ. ತುರ್ಕಿಯ ಐದು ಲೀರಾ ನೋಟಿನ ಹಿಂಬದಿಯಲ್ಲಿ ಅವರ ಚಿತ್ರವಿದೆ. ವಿಜ್ಞಾನದ ಚರಿತ್ರೆ ಪಾಠ ಹೇಳಿದವನ ಮುಖ ನೋಟಿನ ಮೇಲೆ ಬಂದದ್ದು ಬೇರೆಲ್ಲಾದರೂ ಇದ್ದರೆ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಸಾರ್ಟನ್ ಅವರದ್ದು ನಂಬಿಕೆಯ ಮನಸ್ಸು. ಮನುಷ್ಯ ನಿಜವಾಗಿ ಮುಂದೆ ಹೋಗಿದ್ದು ವಿಜ್ಞಾನದಲ್ಲಿ ಮಾತ್ರ, ಅದರ ಚರಿತ್ರೆ ತಿಳಿದರೆ ಜನಾಂಗಗಳ ನಡುವಿನ ಜಗಳ ತಣ್ಣಗಾದೀತು ಎಂದು ಅವರು ಭಾವಿಸಿದ್ದರು. ಈ ವಿಷಯವನ್ನು ಸಾವಿರಾರು ವಿದ್ಯಾರ್ಥಿಗಳ ಮುಂದಕ್ಕೆ ತಂದದ್ದು ಆ ನಂಬಿಕೆ ಅಲ್ಲ, ಅದಕ್ಕೆ ತದ್ವಿರುದ್ಧವಾದ ಒಂದು ಅಂಜಿಕೆ.

ಜೇಮ್ಸ್ ಕೊನಂಟ್ ರಸಾಯನಶಾಸ್ತ್ರಜ್ಞರು, 1933ರಿಂದ ಹಾರ್ವರ್ಡಿನ ಅಧ್ಯಕ್ಷರು. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರದ ವಿಜ್ಞಾನ ಸಂಶೋಧನೆಯ ಚುಕ್ಕಾಣಿ ಹಿಡಿದವರಲ್ಲಿ ಒಬ್ಬರು. 1945ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಅಣುಬಾಂಬು ಸಿಡಿದಾಗ ಅವರು ಅಲ್ಲೇ ಇದ್ದರು. ಯುದ್ಧ ಮುಗಿಸಿ ಹಾರ್ವರ್ಡಿಗೆ ಮರಳಿದವರಿಗೆ ಕಾಡಿದ ಪ್ರಶ್ನೆ: ಇನ್ನು ಮುಂದೆ ವಕೀಲರು, ಪತ್ರಕರ್ತರು, ಶಾಸಕರು, ಮತ ಹಾಕುವವರು ವಿಜ್ಞಾನದ ಬಗ್ಗೆ ತೀರ್ಮಾನ ತೆಗೆದುಕೊಳ್ಳಬೇಕು, ಆದರೆ ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದೇ ಅವರಿಗೆ ತಿಳಿಯದು. ಸೂತ್ರಗಳನ್ನು ಉರುಹೊಡೆಸಿದರೆ ಅದು ತಿಳಿಯುವುದಿಲ್ಲ. ಇವತ್ತಿನ ವಿಜ್ಞಾನ ಅವರಿಗೆ ಅರ್ಥವಾಗದಷ್ಟು ಕಠಿಣ. ಹಾಗಿದ್ದರೆ ಇನ್ನೂರು ಮುನ್ನೂರು ವರ್ಷ ಹಿಂದಕ್ಕೆ ಹೋಗೋಣ, ಉಪಕರಣಗಳು ಸರಳವಾಗಿದ್ದ, ಜಗಳಗಳು ಬಹಿರಂಗವಾಗಿದ್ದ ಕಾಲಕ್ಕೆ ಎಂದು ಅವರು ಹೊಸ ಕೋರ್ಸು ತೆರೆದರು. ಕಾನೂನು ಕಾಲೇಜಿನಲ್ಲಿ ಮೊಕದ್ದಮೆಗಳನ್ನು ಓದಿಸುವ ಹಾಗೆ ಇಲ್ಲಿ ಪ್ರಯೋಗಗಳನ್ನು ಓದಿಸುವುದು.

ಅವರು ಆರಿಸಿದ ಮೊಕದ್ದಮೆಗಳಲ್ಲಿ ಫ್ಲೋಜಿಸ್ಟನ್ ಒಂದು. ವಸ್ತು ಉರಿಯುವಾಗ ಅದರೊಳಗಿನ ಫ್ಲೋಜಿಸ್ಟನ್ ಎಂಬ ಪದಾರ್ಥ ಹೊರಬರುತ್ತದೆ ಎಂದು 18ನೇ ಶತಮಾನದ ರಸಾಯನಜ್ಞರು ಹೇಳುತ್ತಿದ್ದರು. ಕೇಳಿದರೆ ಹುಚ್ಚುತನ ಅನ್ನಿಸುತ್ತದೆ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಮುಚ್ಚಿದ ಪಾತ್ರೆಯಲ್ಲಿ ದೀಪ ಆರಿಹೋಗುತ್ತದೆ. ಯಾಕೆ? ಒಳಗಿನ ಗಾಳಿ ಫ್ಲೋಜಿಸ್ಟನ್ ಕುಡಿದು ಕುಡಿದು ತುಂಬಿಹೋಯಿತು. ಅದಿರಿಗೆ ಇದ್ದಲು ಸೇರಿಸಿ ಕಾಯಿಸಿದರೆ ಲೋಹ ಬರುತ್ತದೆ. ಯಾಕೆ? ಇದ್ದಲಿನಲ್ಲಿರುವ ಫ್ಲೋಜಿಸ್ಟನ್ ಅದಿರಿಗೆ ಹೋಯಿತು. ಉರಿಯುವುದು, ಲೋಹ ಭಸ್ಮವಾಗುವುದು, ಅದಿರು ಲೋಹವಾಗುವುದು, ಮೂರನ್ನೂ ಒಂದೇ ಮಾತಿನಲ್ಲಿ ವಿವರಿಸಿದ ಮೊದಲ ಸಿದ್ಧಾಂತ ಅದು. ಒಂದೇ ತೊಡಕು: ಲೋಹ ಭಸ್ಮವಾದಾಗ ತೂಕ ಕಡಿಮೆಯಾಗಬೇಕಿತ್ತು, ಹೆಚ್ಚುತ್ತಿತ್ತು. ಒಂದು ತೊಡಕಿಗಾಗಿ ಇಷ್ಟೆಲ್ಲ ವಿವರಿಸುವ ಸಿದ್ಧಾಂತವನ್ನು ಯಾರಾದರೂ ಬಿಸಾಡುತ್ತಾರೆಯೇ?

1774ರ ಆಗಸ್ಟ್ 1ರಂದು ಜೋಸೆಫ್ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ಒಂದು ಅನಿಲ ಪಡೆದರು. ಅದರಲ್ಲಿ ಮೇಣದಬತ್ತಿ ಬೆರಗಾಗುವ ಹಾಗೆ ಉರಿಯಿತು. ಪ್ರೀಸ್ಟ್ಲಿ ಅದಕ್ಕೆ ಫ್ಲೋಜಿಸ್ಟನ್ ಕಳೆದ ಗಾಳಿ ಎಂದು ಹೆಸರಿಟ್ಟರು. ಖಾಲಿಯಾಗಿರುವ ಗಾಳಿ, ಅದಕ್ಕೇ ಅಷ್ಟು ಆತುರದಿಂದ ಫ್ಲೋಜಿಸ್ಟನ್ ಹೀರಿಕೊಳ್ಳುತ್ತದೆ. ಅದೇ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಊಟಕ್ಕೆ ಕೂತಾಗ ಈ ಪ್ರಯೋಗದ ಸುದ್ದಿಯನ್ನು ಲವಾಸಿಯೇಗೆ ತಾವೇ ಹೇಳಿದರು. ಲವಾಸಿಯೇ ಅದೇ ಭಸ್ಮ, ಅದೇ ಅನಿಲ, ಅದೇ ಉರಿ ಇಟ್ಟುಕೊಂಡು ತಿರುಗಾಮುರುಗಾ ತೀರ್ಮಾನಕ್ಕೆ ಬಂದರು: ಉರಿಯುವಾಗ ಏನೂ ಹೊರಹೋಗುವುದಿಲ್ಲ, ಈ ಅನಿಲ ಒಳಸೇರುತ್ತದೆ. ಆಕ್ಸಿಜನ್ ಎಂಬ ಹೆಸರು ಅವರದ್ದು. ಪ್ರೀಸ್ಟ್ಲಿ 1804ರಲ್ಲಿ ಸಾಯುವ ತನಕ ಒಪ್ಪಲಿಲ್ಲ. ಕಣ್ಣೆದುರಿನ ಸಾಕ್ಷ್ಯ ಒಂದೇ ಆಗಿದ್ದಾಗ ಇಬ್ಬರು ಬುದ್ಧಿವಂತರು ಹೀಗೆ ಎರಡು ಕಡೆ ಹೋಗುವುದನ್ನು ನೋಡಿದ ವಿದ್ಯಾರ್ಥಿ, ‘ವಿಜ್ಞಾನ ಸಾಬೀತುಪಡಿಸಿದೆ’ ಎಂಬ ಪತ್ರಿಕೆಯ ತಲೆಬರಹವನ್ನು ಮುಂದೆ ಬೇರೆ ರೀತಿ ಓದುತ್ತಾನೆ ಎಂಬುದು ಕೊನಂಟ್ ಲೆಕ್ಕ.

ಈ ಕೋರ್ಸಿಗೆ ಸಹಾಯಕ್ಕೆ ಎಂದು 1947ರಲ್ಲಿ ಅವರು ಕರೆದದ್ದು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಥಾಮಸ್ ಕೂನ್ ಎಂಬ ತರುಣನನ್ನು. ಗೆಲಿಲಿಯೋಗಿಂತ ಮೊದಲು ಚಲನೆಯ ಬಗ್ಗೆ ಏನು ತಿಳಿದಿತ್ತು ಎಂದು ಪಾಠ ಮಾಡಬೇಕಿತ್ತು. ಕೂನ್ ಅರಿಸ್ಟಾಟಲನ ‘ಫಿಸಿಕ್ಸ್’ ಹಿಡಿದು ಕೂತರು. ಓದಿದಷ್ಟೂ ಅದು ಮೂರ್ಖತನವಾಗಿಯೇ ಕಂಡಿತು, ನಮ್ಮ ಮೇಷ್ಟ್ರಿಗೆ ಕಂಡ ಹಾಗೆ. ಆದರೆ ಅವರಿಗೆ ಒಂದು ಅನುಮಾನ ಹುಟ್ಟಿತು. ಜೀವಿಗಳ ಬಗ್ಗೆ, ರಾಜಕೀಯದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಬರೆದವನು ಚಲನೆಯ ಬಗ್ಗೆ ಬರೆಯುವಾಗ ಮಾತ್ರ ಬುದ್ಧಿ ಕಳೆದುಕೊಂಡದ್ದು ಹೇಗೆ? ಒಂದು ಮಧ್ಯಾಹ್ನ ಕೈಯಲ್ಲಿ ನಾಲ್ಕು ಬಣ್ಣದ ಪೆನ್ಸಿಲು ಹಿಡಿದು ಕಿಟಕಿಯಾಚೆ ನೋಡುತ್ತಿದ್ದಾಗ ಎಲ್ಲವೂ ಬೇರೆ ರೀತಿ ಹೊಂದಿಕೊಂಡವು ಎಂದು ಅವರು ಮುಂದೆ ಬರೆದಿದ್ದಾರೆ. ಅರಿಸ್ಟಾಟಲ್ ‘ಚಲನೆ’ ಎನ್ನುವಾಗ ಬೀಜ ಮರವಾಗುವುದು, ರೋಗಿ ಗುಣವಾಗುವುದು, ಕಲ್ಲು ಕೆಳಗೆ ಬರುವುದು ಎಲ್ಲವೂ ಸೇರುತ್ತವೆ. ಅವನಿಗೆ ಚಲನೆ ಅಂದರೆ ಬದಲಾವಣೆ. ಬೀಜಕ್ಕೆ ಮರವಾಗುವುದು ಹೇಗೆ ಸಹಜವೋ ಕಲ್ಲಿಗೆ ತನ್ನ ಜಾಗ ಸೇರುವುದು ಹಾಗೆ ಸಹಜ. ನ್ಯೂಟನ್ನಿನ ಪ್ರಶ್ನೆಗೆ ಅವನು ತಪ್ಪು ಉತ್ತರ ಕೊಟ್ಟಿರಲಿಲ್ಲ. ಅವನ ಪ್ರಶ್ನೆಯೇ ಬೇರೆಯಾಗಿತ್ತು.

ಆ ಮಧ್ಯಾಹ್ನದಿಂದ ಬೆಳೆದದ್ದು 1962ರ ‘ವೈಜ್ಞಾನಿಕ ಕ್ರಾಂತಿಗಳ ರಚನೆ’ ಎಂಬ ಪುಸ್ತಕ. ಇವತ್ತು ಕನ್ನಡದ ಭಾಷಣಗಳಲ್ಲೂ ಸಲೀಸಾಗಿ ಬಳಸುವ ‘ಪ್ಯಾರಡೈಮ್’ ಎಂಬ ಮಾತಿಗೆ ಇಷ್ಟು ಓಟ ಬಂದದ್ದು ಅಲ್ಲಿಂದ. ಪುಸ್ತಕವನ್ನು ಕೂನ್ ಅರ್ಪಿಸಿದ್ದು ಕೊನಂಟ್ ಅವರಿಗೆ. ಅಷ್ಟರಲ್ಲಿ ಅವರು ಹಾರ್ವರ್ಡಿನಲ್ಲಿ ಇರಲಿಲ್ಲ. ಅಲ್ಲಿ ಕೆಲಸ ಕಾಯಂ ಆಗದೆ 1956ರಲ್ಲಿ ಬರ್ಕ್ಲಿಗೆ ಹೋಗಿದ್ದರು. ಇಂಥ ಸಂಗತಿ ನಮ್ಮ ಕಡೆ ಮಾತ್ರ ನಡೆಯುತ್ತದೆ ಎಂದು ತಿಳಿದಿದ್ದವರಿಗೆ ಸ್ವಲ್ಪ ಸಮಾಧಾನ ಸಿಗಬಹುದು.

ಇದಕ್ಕೂ ಮೊದಲು ಇನ್ನೊಂದು ದಿಕ್ಕಿನಿಂದ ಒಂದು ಗಾಳಿ ಬೀಸಿತ್ತು. 1931ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ವಿಜ್ಞಾನ ಚರಿತ್ರೆಯ ಎರಡನೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಬುಖಾರಿನ್ ನಾಯಕತ್ವದಲ್ಲಿ ಸೋವಿಯತ್ ನಿಯೋಗ ವಿಮಾನದಲ್ಲಿ ಬಂದಿಳಿಯಿತು. ಅವರ ಪ್ರಬಂಧಗಳನ್ನು ಹಗಲುರಾತ್ರಿ ಕೂತು ಇಂಗ್ಲಿಷಿಗೆ ತಿರುಗಿಸಿ ಕೆಲವೇ ದಿನಗಳಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಬೋರಿಸ್ ಹೆಸ್ಸೆನ್ ಎಂಬ ಭೌತಶಾಸ್ತ್ರಜ್ಞರ ಪ್ರಬಂಧ ನ್ಯೂಟನ್ನಿನ ‘ಪ್ರಿನ್ಸಿಪಿಯಾ’ದ ಮೇಲೆ. ಹಡಗು ಸಾಗಿಸುವುದು, ಗಣಿಯಿಂದ ನೀರೆತ್ತುವುದು, ಫಿರಂಗಿ ಗುಂಡಿನ ಗುರಿ: ಏಳುತ್ತಿದ್ದ ವ್ಯಾಪಾರಿ ವರ್ಗಕ್ಕೆ ಬೇಕಾಗಿದ್ದ ಈ ವಿದ್ಯೆಗಳೇ ಆ ಮಹಾಗ್ರಂಥದ ಸಮಸ್ಯೆಗಳಾಗಿ ಕೂತಿವೆ ಎಂಬುದು ವಾದ. ವಾದ ಒರಟು. ಸಭೆಯಲ್ಲಿದ್ದ ಹಿರಿಯರಿಗೆ ಮುಜುಗರವಾಯಿತು. ಆದರೆ ಜೆ.ಡಿ. ಬರ್ನಾಲ್, ಜೋಸೆಫ್ ನೀಡಮ್ ಮುಂತಾದ ತರುಣರಿಗೆ ಅದು ತಲೆಯೊಳಗೆ ಕೂತಿತು. ನೀಡಮ್ ಮುಂದೆ ಚೀನಾಕ್ಕೆ ಹೋಗಿ, 1954ರಿಂದ ಸಂಪುಟದ ಮೇಲೆ ಸಂಪುಟವಾಗಿ ಚೀನೀ ವಿಜ್ಞಾನದ ಚರಿತ್ರೆ ಬರೆದರು. ಹೆಸ್ಸೆನ್ ಅವರನ್ನು 1936ರ ಡಿಸೆಂಬರಿನಲ್ಲಿ, ಬುಖಾರಿನ್ ಅವರನ್ನು 1938ರಲ್ಲಿ ಸ್ಟಾಲಿನ್ ಸರ್ಕಾರ ಗುಂಡಿಕ್ಕಿ ಕೊಂದಿತು. ಅದೇ ನಿಯೋಗದಲ್ಲಿದ್ದ ಸಸ್ಯವಿಜ್ಞಾನಿ ವಾವಿಲೋವ್ 1943ರಲ್ಲಿ ಸರಾಟೋವ್ ಜೈಲಿನಲ್ಲಿ ಸತ್ತರು. ವಿಜ್ಞಾನಕ್ಕೂ ಸಮಾಜಕ್ಕೂ ಇರುವ ನಂಟನ್ನು ಸಾರಲು ಬಂದವರ ಗತಿ ಇದು.

ಈಗ ನಮ್ಮ ಕಡೆಗೆ ಬರೋಣ. ಯಾಕೆಂದರೆ ಕೊನಂಟ್ ಕೋರ್ಸಿಗಿಂತ, ಸಾರ್ಟನ್ ಪತ್ರಿಕೆಗಿಂತ ಮೊದಲೇ ಇಲ್ಲಿ ಒಬ್ಬರು ಈ ಕೆಲಸ ಶುರುಮಾಡಿದ್ದರು.

ಪ್ರಫುಲ್ಲಚಂದ್ರ ರಾಯ್ ಎಡಿನ್‌ಬರೋದಲ್ಲಿ ಓದಿ ಬಂದು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದರು. 1896ರಲ್ಲಿ ಮರ್ಕ್ಯುರಸ್ ನೈಟ್ರೈಟ್ ಎಂಬ ಪಾದರಸದ ಸಂಯುಕ್ತ ತಯಾರಿಸಿ ಹೆಸರಾದರು. ಅದೇ ಹೊತ್ತಿಗೆ ಫ್ರಾನ್ಸಿನ ರಸಾಯನಜ್ಞ ಬರ್ತಲೋ ಅವರ ಪುಸ್ತಕಗಳು ಕಣ್ಣಿಗೆ ಬಿದ್ದವು. ಗ್ರೀಕ್, ಸಿರಿಯಾಕ್, ಅರಬ್ಬೀ ರಸವಿದ್ಯೆಯ ಚರಿತ್ರೆ ಬರೆದಿದ್ದ ಬರ್ತಲೋಗೆ ಭಾರತದ್ದು ಗೊತ್ತಿರಲಿಲ್ಲ. ರಾಯ್ ಒಂದು ಸಂಸ್ಕೃತ ರಸಗ್ರಂಥದ ಪರಿಚಯ ಬರೆದು ಕಳಿಸಿದರು. ಅಲ್ಲಿಂದ ಬಂದ ಪ್ರೋತ್ಸಾಹದಿಂದ ಹಸ್ತಪ್ರತಿಗಳ ಬೇಟೆಗೆ ಇಳಿದರು. ‘ಹಿಸ್ಟರಿ ಆಫ್ ಹಿಂದೂ ಕೆಮಿಸ್ಟ್ರಿ’ಯ ಮೊದಲ ಸಂಪುಟ 1902ರಲ್ಲಿ, ಎರಡನೆಯದು 1909ರಲ್ಲಿ ಬಂತು. ‘ರಸಾರ್ಣವ’ದಲ್ಲಿ ತಾಮ್ರದ ಜ್ವಾಲೆ ನೀಲಿ, ತವರದ್ದು ಪಾರಿವಾಳದ ಬಣ್ಣ ಎಂದು ಜ್ವಾಲೆಯಿಂದ ಲೋಹ ಗುರುತಿಸುವ ಮಾತಿದೆ ಎಂದು ತೋರಿಸಿದರು. ಪ್ರಯೋಗಾಲಯದಲ್ಲಿ ನಿತ್ಯ ಅದೇ ಪರೀಕ್ಷೆ ಮಾಡಿಸುವ ಮೇಷ್ಟ್ರಿಗೆ ಅದು ಎಷ್ಟು ಸಂತೋಷ ಕೊಟ್ಟಿರಬೇಕು!

ಇಷ್ಟಕ್ಕೆ ನಿಂತಿದ್ದರೆ ಅದು ಅಭಿಮಾನದ ಪುಸ್ತಕವಾಗುತ್ತಿತ್ತು. ವಸಾಹತು ಕಾಲದಲ್ಲಿ ಅಂಥದ್ದು ಬೇಕೂ ಆಗಿತ್ತು. ಆದರೆ ಮೊದಲ ಸಂಪುಟದ ಕೊನೆಗೆ ಬಂದಾಗ ರಾಯ್ ಬೇರೆಯದೇ ಪ್ರಶ್ನೆ ಕೇಳುತ್ತಾರೆ: ಇಷ್ಟಿದ್ದದ್ದು ಆಮೇಲೆ ಯಾಕೆ ಬತ್ತಿತು? ಅವರ ಉತ್ತರದಲ್ಲಿ ಮೊದಲನೆಯದು ಜಾತಿ. ಸುಶ್ರುತ ಶಸ್ತ್ರವೈದ್ಯ ಕಲಿಯುವವನಿಗೆ ಹೆಣವನ್ನು ಹುಲ್ಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಏಳು ರಾತ್ರಿ ಹರಿಯುವ ನೀರಿನಲ್ಲಿ ನೆನೆಸಿ, ಆಮೇಲೆ ಪದರ ಪದರವಾಗಿ ಉಜ್ಜಿ ಒಳಗನ್ನು ಕಣ್ಣಾರೆ ನೋಡು ಎಂದು ಹೇಳಿದ. ಅದೇ ನಾಡಿನಲ್ಲಿ ಹೆಣ ಮುಟ್ಟುವುದು ಮೈಲಿಗೆಯಾಯಿತು. ಕಮ್ಮಾರ, ಕಂಚುಗಾರ, ಬಣ್ಣದವ, ಚರ್ಮದವ ಇವರ ಕಸುಬು ಕೀಳಾಯಿತು; ಓದುಬರಹ ಬಲ್ಲವರು ಆ ಕಸುಬುಗಳಿಂದ ಕೈ ತೊಳೆದುಕೊಂಡರು. ಕೈಗೆ ಗೊತ್ತಿದ್ದದ್ದು ತಲೆಗೆ ಹೋಗಲಿಲ್ಲ, ತಲೆ ಕೇಳಬೇಕಾದ ‘ಹೇಗೆ, ಯಾಕೆ’ ಕೈಗೆ ತಲುಪಲಿಲ್ಲ. ಜಗತ್ತು ಮಾಯೆ ಎಂದ ವೇದಾಂತದ ಮೇಲೂ ಅವರು ತಪ್ಪು ಹೊರಿಸುತ್ತಾರೆ. ಈ ಎರಡನೆಯ ಕಾರಣ ನನಗೆ ಪೂರಾ ಒಪ್ಪಿಗೆಯಿಲ್ಲ. ವೇದಾಂತಿಗಳ ನಾಡಾದ ಕೇರಳದಲ್ಲೇ ಗಣಿತ ಹುಲುಸಾಗಿ ಬೆಳೆಯಿತಲ್ಲ. ಆದರೆ ಮೊದಲನೆಯದನ್ನು ತಳ್ಳಿಹಾಕುವುದು ಕಷ್ಟ.

ರಾಯ್ ಅವರ ಎರಡನೇ ಸಂಪುಟದಲ್ಲಿ ಪ್ರಾಚೀನರ ಭೌತ ಮತ್ತು ರಸಾಯನ ಸಿದ್ಧಾಂತಗಳ ಬಗ್ಗೆ ಒಂದು ಭಾಗವನ್ನು ಬರೆದುಕೊಟ್ಟವರು ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ಅದನ್ನೇ ಬೆಳೆಸಿ 1915ರಲ್ಲಿ ‘ಪಾಸಿಟಿವ್ ಸೈನ್ಸಸ್ ಆಫ್ ದಿ ಏನ್ಷಿಯಂಟ್ ಹಿಂದೂಸ್’ ಪ್ರಕಟಿಸಿದರು. ಅದೇ 1915ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳ ‘ಅರ್ಥಶಾಸ್ತ್ರ’ದ ಇಂಗ್ಲಿಷ್ ಅನುವಾದವೂ ಪುಸ್ತಕವಾಗಿ ಬಂತು. ಅದರಲ್ಲಿ ಗಣಿ, ಲೋಹ, ನಾಣ್ಯ, ಉಪ್ಪು ಇವುಗಳ ಮೇಲೆ ನೇಮಿಸಬೇಕಾದ ಅಧ್ಯಕ್ಷರು, ಅವರು ತಿಳಿದಿರಬೇಕಾದ ವಿದ್ಯೆ ಎಲ್ಲ ಇದೆ. ಆಮೇಲೆ ಸೀಲ್ ಮೈಸೂರಿಗೇ ಬಂದರು. 1920ರ ದಶಕದ ಬಹುಭಾಗ ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಅವರೇ. ಅಂದರೆ ಭಾರತೀಯ ವಿಜ್ಞಾನ ಚರಿತ್ರೆಯ ಒಂದು ಮೂಲಗ್ರಂಥ ಬರೆದವರು ಕುಲಪತಿಯ ಕುರ್ಚಿಯಲ್ಲಿ, ಇನ್ನೊಂದು ಆಕರಗ್ರಂಥವನ್ನು ಬೆಳಕಿಗೆ ತಂದವರು ಅದೇ ಊರಿನಲ್ಲಿ. ಹಾರ್ವರ್ಡಿನಲ್ಲಿ ಸಾರ್ಟನ್ ಇನ್ನೂ ಒಂದು ಕೋಣೆ ಇಟ್ಟುಕೊಂಡು ಕಾಯುತ್ತಿದ್ದ ವರ್ಷಗಳು ಅವು.

ಇಷ್ಟೆಲ್ಲ ಕೂಡಿಬಂದರೂ ನಾನು ಓದುವ ಕಾಲಕ್ಕೆ ಅದು ಪುಟದ ಮೂಲೆಯ ಚೌಕವಾಗಿ ಉಳಿದಿತ್ತು. ಸಂಶೋಧನೆ ನಡೆಯಲಿಲ್ಲ ಎಂದಲ್ಲ. 1944ರಲ್ಲಿ ಭೋರ್ ಸಮಿತಿಯ ಕರೆಯ ಮೇಲೆ ಬಂದ ವೈದ್ಯ ಚರಿತ್ರೆಕಾರ ಹೆನ್ರಿ ಸಿಗರಿಸ್ಟ್, ಭಾರತಕ್ಕೆ ವೈದ್ಯಕೀಯ ಚರಿತ್ರೆಯ ಒಂದು ಸಂಸ್ಥೆ ಬೇಕು ಎಂದು ಬರೆದುಕೊಟ್ಟರು; ಆ ಮೇಲೆ ಹೈದರಾಬಾದಿನಲ್ಲಿ ಅಂಥದ್ದೊಂದು ಬಂತು. 1966ರಿಂದ ‘ಇಂಡಿಯನ್ ಜರ್ನಲ್ ಆಫ್ ಹಿಸ್ಟರಿ ಆಫ್ ಸೈನ್ಸ್’ ಬರುತ್ತಿದೆ. 1971ರಲ್ಲಿ ಬೋಸ್, ಸೇನ್, ಸುಬ್ಬರಾಯಪ್ಪ ಸಂಪಾದಿಸಿದ ಒಂದು ಸಮಗ್ರ ಚರಿತ್ರೆ ಹೊರಟಿತು. ಇವೆಲ್ಲ ವಿದ್ವಾಂಸರ ಕಪಾಟಿನಲ್ಲಿದ್ದವು. ಬೆಳಿಗ್ಗೆ ಹತ್ತು ಗಂಟೆಯ ತರಗತಿಗೆ ಬರಲಿಲ್ಲ.

ಈಗ ಬರುತ್ತಿದೆ. 2020ರ ಶಿಕ್ಷಣ ನೀತಿಯ ನಂತರ ‘ಭಾರತೀಯ ಜ್ಞಾನ ಪರಂಪರೆ’ ಎಂಬ ಹೆಸರಿನಲ್ಲಿ ಕೋರ್ಸುಗಳು ಶುರುವಾಗಿವೆ. ಯುಜಿಸಿ 2023ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಒಂದು ಕಡೆ ಇದನ್ನು ಕೇಳಿದ ಕೂಡಲೇ ಮೂಗು ಮುರಿಯುವವರಿದ್ದಾರೆ, ಇನ್ನೊಂದು ಕಡೆ ಎಲ್ಲವೂ ನಮ್ಮಲ್ಲೇ ಮೊದಲು ಎಂದು ಎದೆ ತಟ್ಟುವವರು. ನನ್ನ ಭಯ ಏನೆಂದರೆ ಇಬ್ಬರೂ ಸೇರಿ ಈ ಪಾಠವನ್ನು ಮತ್ತೆ ಚೌಕವಾಗಿ ಮಾಡಿಬಿಡುತ್ತಾರೆ. ಈ ಸಲ ವಿಗ್ಗಿನವನ ಬದಲು ಜಟೆಯವನ ಚಿತ್ರ. ಸಾಮಗ್ರಿಗೇನೂ ಬರವಿಲ್ಲ. ಕನ್ನಡದಲ್ಲೇ ನೋಡಿ: 11ನೇ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆ, ನೀರು ಹುಡುಕುವುದು, ಮರಗಿಡಗಳ ಚಿಕಿತ್ಸೆ ಎಲ್ಲ ಇದೆ. ಕೀರ್ತಿವರ್ಮನ ‘ಗೋವೈದ್ಯ’, ರಾಜಾದಿತ್ಯನ ‘ವ್ಯವಹಾರಗಣಿತ’, ವಿಷವೈದ್ಯದ ಮೇಲೆ ಮಂಗರಾಜ ಬರೆದ ‘ಖಗೇಂದ್ರಮಣಿದರ್ಪಣ’ ಇವೆ. ಇವನ್ನು ಕನ್ನಡ ಎಂ.ಎ. ವಿದ್ಯಾರ್ಥಿ ಕವಿಚರಿತೆಯ ಹೆಸರುಗಳಾಗಿ ಓದುತ್ತಾನೆ, ಗಣಿತದ ವಿದ್ಯಾರ್ಥಿ ಹೆಸರನ್ನೂ ಕೇಳಿರುವುದಿಲ್ಲ. ಹಳಗನ್ನಡ ಬಲ್ಲವರಿಗೆ ಲೆಕ್ಕ ಬೇಸರ, ಲೆಕ್ಕ ಬಲ್ಲವರಿಗೆ ಹಳಗನ್ನಡ ಬಾರದು. ಇಬ್ಬರನ್ನೂ ಒಂದು ಮೇಜಿನ ಎದುರು ಬದುರು ಕೂರಿಸದೆ ಈ ಪಾಠ ಆಗುವುದಿಲ್ಲ.

ಆ ಪಾಠ ಹೇಗಿರಬಹುದು ಎಂದರೆ ನನಗೆ ನೆನಪಾಗುವುದು ಸತುವಿನ ಕಥೆ. ಸತುವನ್ನು ಅದಿರಿನಿಂದ ತೆಗೆಯುವುದು ಕಬ್ಬಿಣ, ತಾಮ್ರದ ಹಾಗಲ್ಲ. 907 ಡಿಗ್ರಿಯಲ್ಲಿ ಅದು ಕುದಿದುಬಿಡುತ್ತದೆ. ಅದಿರಿನಿಂದ ಬಿಡುಗಡೆಯಾಗಲು ಅದಕ್ಕಿಂತ ಹೆಚ್ಚು ಕಾವು ಬೇಕು. ಹಾಗಾಗಿ ಕುಲುಮೆಯಲ್ಲಿ ಅದು ಲೋಹವಾಗಿ ಕಾಣಿಸುವುದೇ ಇಲ್ಲ, ಆವಿಯಾಗಿ ಹೊರಡುತ್ತದೆ. ಗಾಳಿ ತಾಗಿದರೆ ಮತ್ತೆ ಬಿಳಿ ಬೂದಿ. ರಾಯ್ ಓದಿದ ಗ್ರಂಥಗಳಲ್ಲೊಂದಾದ ‘ರಸರತ್ನಸಮುಚ್ಚಯ’ ಇದಕ್ಕೆ ‘ವೃಂತಾಕ ಮೂಷೆ’ ಎಂಬ ಪಾತ್ರೆ ಹೇಳುತ್ತದೆ. ವೃಂತಾಕ ಅಂದರೆ ಬದನೆಕಾಯಿ. ಬಹಳ ಕಾಲ ಅದು ಪುಸ್ತಕದ ಮಾತಾಗಿಯೇ ಇತ್ತು. 1980ರ ದಶಕದಲ್ಲಿ ಉದಯಪುರದ ಹತ್ತಿರದ ಜಾವರ್ ಎಂಬಲ್ಲಿ ಬ್ರಿಟಿಷ್ ಮ್ಯೂಸಿಯಂ, ಬರೋಡಾ ವಿಶ್ವವಿದ್ಯಾಲಯ ಮತ್ತು ಹಿಂದುಸ್ತಾನ್ ಜಿಂಕ್ ಸೇರಿ ಅಗೆದಾಗ ಮಧ್ಯಯುಗದ ಕುಲುಮೆಗಳು ಸಿಕ್ಕವು. ಒಂದೊಂದರಲ್ಲೂ ಆರಾರು ಸಾಲಾಗಿ ಮೂವತ್ತಾರು ಮಣ್ಣಿನ ಪಾತ್ರೆಗಳು, ಥೇಟು ಬದನೆಕಾಯಿ ಆಕಾರ, ತಲೆಕೆಳಗಾಗಿ ನಿಲ್ಲಿಸಿದವು. ಆವಿ ಕೊಳವೆಯಲ್ಲಿ ಕೆಳಗಿಳಿದು ತಣ್ಣಗಿನ ಕೋಣೆಯಲ್ಲಿ ಲೋಹವಾಗುತ್ತಿತ್ತು. ಹಾಗೆಯೇ ಆವಿಯನ್ನು ಕೆಳಕ್ಕಿಳಿಸುವ ವಿಧಾನಕ್ಕೆ ವಿಲಿಯಂ ಚಾಂಪಿಯನ್ ಎಂಬವರು ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1738ರಲ್ಲಿ.

ನಾವೇ ಮೊದಲು ಎಂದು ಹೇಳಿ ಪಾಠ ಮುಗಿಸಬಹುದು. ಅದು ಸುಳ್ಳೂ ಅಲ್ಲ. ಆದರೆ ರಾಯ್ ಅವರ ಶಿಷ್ಯರಾದವರು ಅಲ್ಲಿಗೆ ನಿಲ್ಲಲಾರರು. ಬದನೆಕಾಯಿ ಮೂಷೆ ಎಂದು ಸಂಸ್ಕೃತದಲ್ಲಿ ಬರೆದವನು ಕುಲುಮೆಯ ಹತ್ತಿರ ಹೋಗಿದ್ದನೆ? ಕುಲುಮೆ ನಡೆಸಿದವರಿಗೆ ಆ ಶ್ಲೋಕ ಗೊತ್ತಿತ್ತೆ? ಯಾರು ಯಾರಿಂದ ಕಲಿತರು? ಮೂವತ್ತಾರು ಪಾತ್ರೆಗಳನ್ನು ಮಾಡಿದ ಕುಂಬಾರರು ಯಾರು, ಗಣಿಯೊಳಗೆ ಇಳಿದವರು ಯಾರು, ಅಷ್ಟು ಸೌದೆ ಯಾವ ಕಾಡಿನದ್ದು? ಗ್ರಂಥಕಾರನಿಗೆ ಹೆಸರಿದೆ, ಇವರಿಗಿಲ್ಲ. ಒಂದು ಸಲ ಬಳಸಿದ ಪಾತ್ರೆ ಮತ್ತೆ ಕುಲುಮೆಗೆ ಬಾರದು, ಹಾಗಾಗಿ ಜಾವರ್‌ನಲ್ಲಿ ಅವು ರಾಶಿ ರಾಶಿ ಬಿದ್ದಿದ್ದವು. ಊರಿನವರು ಅವನ್ನು ಒಂದರ ಪಕ್ಕ ಒಂದು ಜೋಡಿಸಿ, ನಡುವೆ ಮಣ್ಣು ಮೆತ್ತಿ ಮನೆಯ ಗೋಡೆ ಕಟ್ಟಿಕೊಂಡರು. ಆ ಹಳೆಯ ಗೋಡೆಗಳಲ್ಲಿ ಬದನೆಕಾಯಿಗಳ ದುಂಡನೆ ತುದಿಗಳು ಸಾಲಾಗಿ ಕಾಣುತ್ತವೆ.